ಕೋಳಿ ಗೂಡಿನ ಸುತ್ತ ಇಲಿ, ಹೆಗ್ಗಣದ ಕಾಟ: ಪಾಷಾಣ ಇಡದೆ ದಾರಿ ಇದೆಯಾ?

ಬೋಗಾದಿ ಹಿತ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. ಹಿತ್ತಿಲಲ್ಲಿ ಹನ್ನೊಂದು ಹ್ಯಾಟೆ, ಒಂದು ಹುಂಜ ಸಾಕಿದ್ದೇವೆ. ಕೆಲವು ಗಿರಿರಾಜ, ಉಳಿದವು ನಾಟಿ. ಗೂಡಿಗೆ ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು, ಮುಂದೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ. ನೆಲ ಮಣ್ಣು. ಪಕ್ಕದ ಸೈಟು ಖಾಲಿ ಬಿದ್ದು ಪಾರ್ಥೇನಿಯಂ ಎದೆ ಮಟ್ಟ ಬೆಳೆದಿದೆ.

ಮಳೆ ಶುರುವಾದ ಮೇಲೆ ಇಲಿ ಜಾಸ್ತಿಯಾಗಿವೆ. ಕಾವಿಗೆ ಕೂತ ಕೋಳಿಯ ಅಡಿಯಿಂದಲೇ ಮೊಟ್ಟೆ ಕಾಣೆಯಾದವು. ಈ ವಾರ ಎರಡು ಪಿಳ್ಳೆ ಇಲ್ಲ. ಒಂದು ಹ್ಯಾಟೆಯ ಕಾಲ್ಬೆರಳಲ್ಲಿ ಕಚ್ಚಿದ ಗಾಯ ಇದೆ. ಗೋಡೆ ಬುಡದಲ್ಲಿ ದೊಡ್ಡ ಬಿಲ, ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ.

ಅಂಗಡಿಯವರು ಪಾಷಾಣದ ಪೊಟ್ಟಣ ಕೊಟ್ಟಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮಗು ಇದೆ, ಕೋಳಿಗಳು ದಿನವಿಡೀ ಹಿತ್ತಿಲೆಲ್ಲ ಕೆದಕುತ್ತವೆ. ಆ ಪೊಟ್ಟಣ ಬಿಚ್ಚಲು ಧೈರ್ಯ ಬರುತ್ತಿಲ್ಲ. ಬೇರೆ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಮಳವಳ್ಳಿ ನಾಟಿಕೋಳಿ

ಒಂದು ಹೆಣ್ಣು ಬೆಕ್ಕು ಸಾಕಿ ಅಕ್ಕ. ಗೂಡಿನ ಹತ್ತಿರ ಓಡಾಡಿಕೊಂಡಿದ್ದರೆ ಸಾಕು. ನಮ್ಮಲ್ಲಿ ಬೆಕ್ಕು ಬಂದ ಮೇಲೆ ಇಲಿ ಕಡಿಮೆಯಾದವು.

ಪಾಂಡವಪುರ ಕಬ್ಬಿನಗದ್ದೆ

ಬೆಕ್ಕು ಇರಲಿ, ಆದರೆ ಅದೊಂದನ್ನೇ ನಂಬಬೇಡಿ ಅಕ್ಕ. ಚಿಕ್ಕ ಇಲಿ, ಇಲಿ ಮರಿಗಳನ್ನು ಬೆಕ್ಕು ಹಿಡಿಯುತ್ತದೆ. ಬಲಿತ ಹೆಗ್ಗಣದ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದಿಲ್ಲ. ಪಿಳ್ಳೆ ಕಂಡರೆ ಮಾತ್ರ ಬಿಡುವುದಿಲ್ಲ!

ಇಲಿ ಮೊದಲು ಬರುವುದು ಕಾಳಿಗೆ. ಮೊಟ್ಟೆ, ಪಿಳ್ಳೆ ಅದಕ್ಕೆ ಆಮೇಲೆ ಸಿಕ್ಕಿದ್ದು. ರಾತ್ರಿ ಗೂಡಲ್ಲಿ ಕಾಳು ಸಿಗುವವರೆಗೆ ನೀವು ಎಷ್ಟು ಇಲಿ ಹಿಡಿದರೂ ಜಾಗ ಖಾಲಿ ಉಳಿಯುವುದಿಲ್ಲ, ಪಕ್ಕದ ಸೈಟಿನಿಂದ ಬೇರೆ ಬಂದು ಸೇರುತ್ತವೆ. ಹಾಗಾಗಿ ರಾತ್ರಿಯ ಊಟ ನಿಲ್ಲಿಸಿ, ಆಮೇಲೆ ತೂತು ಮುಚ್ಚಿ, ಆಮೇಲೆ ಬೋನು ಇಡಿ. ಈ ಕ್ರಮ ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಲೆಕ್ಕ ನೋಡಿ. ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಇಲಿ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ತಿನ್ನುತ್ತದೆ. ಕಾಲು ಕೆ.ಜಿ. ತೂಗುವ ಇಲಿಗೆ 25 ಗ್ರಾಂ ಬೇಕು. ಹತ್ತು ಇಲಿ ಇದ್ದರೆ ಎರಡು ಕೋಳಿಗೆ ಹಾಕುವಷ್ಟು ಮೇವು ಹೋಯಿತು. ತಿಂದಿದ್ದಕ್ಕಿಂತ ಉಚ್ಚೆ ಹೊಯ್ದು, ಹಿಕ್ಕೆ ಹಾಕಿ ಕೆಡಿಸಿದ್ದೇ ಜಾಸ್ತಿ. ಬೆಳೆಯುವ ವೇಗವೂ ಹಾಗೇ ಇದೆ. ನಮ್ಮ ಕೋಳಿ ಮೊಟ್ಟೆ ಮರಿಯಾಗಲು 21 ದಿನ. ಇಲಿಯ ಗಬ್ಬವೂ ಹೆಚ್ಚು ಕಡಿಮೆ ಅಷ್ಟೇ, 21ರಿಂದ 23 ದಿನ. ಒಂದು ಸೂಲಿಗೆ ಆರರಿಂದ ಹತ್ತು ಮರಿ. ಆ ಮರಿಗಳು ಮೂರು ತಿಂಗಳಿಗೆಲ್ಲ ತಾವೇ ಮರಿ ಹಾಕಲು ತಯಾರು.

ಇವತ್ತು ಸಂಜೆಯಿಂದಲೇ ಶುರು ಮಾಡಿ. ಬೆಳಿಗ್ಗೆ ಮತ್ತು ಮಧ್ಯಾಹ್ನ ಮಾತ್ರ ಕಾಳು ಹಾಕಿ, ಹೊತ್ತು ಮುಳುಗುವ ಮುಂಚೆ ಖಾಲಿಯಾಗುವಷ್ಟೇ ಹಾಕಿ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದಿಲ್ಲ, ಅದು ಏನೂ ತಿನ್ನುವುದಿಲ್ಲ. ರಾತ್ರಿ ಗೂಡಲ್ಲಿ ಉಳಿದದ್ದೆಲ್ಲ ಇಲಿಯದೇ. ಮೇವಿನ ತೊಟ್ಟಿ ಎತ್ತಿ ಒಳಗಿಡಿ. ನೆಲಕ್ಕೆ ಚೆಲ್ಲಿದ್ದನ್ನು ಗುಡಿಸಿ. ನೀರಿನ ಬಟ್ಟಲು ಕೂಡ ಎತ್ತಿ, ಬೆಳಕು ಹರಿಯುತ್ತಿದ್ದಂತೆ ಮತ್ತೆ ಇಟ್ಟರಾಯಿತು. ತೌಡು, ನುಚ್ಚು, ಮುಸುಕಿನ ಜೋಳ ಯಾವುದನ್ನೂ ಗೋಣಿಚೀಲದಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಡಬ್ಬವನ್ನು ಇಲಿ ಕಡಿದು ತೂತು ಮಾಡುತ್ತದೆ. ಬಿಗಿ ಮುಚ್ಚಳದ ತಗಡಿನ ಡ್ರಮ್ಮೇ ಬೇಕು. ಮೊಟ್ಟೆಯನ್ನು ದಿನಾ ಸಂಜೆಯೊಳಗೆ ಆರಿಸಿ.

ಇನ್ನೊಂದು, ನಿಮ್ಮಲ್ಲಿ ಇರುವುದು ಯಾವುದು ಎಂದು ಮೊದಲು ತಿಳಿಯಬೇಕು. ಗೋಡೆ ಬುಡದಲ್ಲಿ ಮಣ್ಣು ಗುಡ್ಡೆ ಹಾಕಿದ್ದರೆ ಅದು ಹೆಗ್ಗಣ. ನೆಲ ತೋಡುತ್ತದೆ, ಕಾಳನ್ನು ಬಿಲದೊಳಗೆ ಕೂಡಿಡುತ್ತದೆ. ನಮ್ಮ ಕಡೆ ಗದ್ದೆ ಬದು ಅಗೆದರೆ ಒಳಗೆ ಭತ್ತದ ತೆನೆ ಗುಡ್ಡೆಯೇ ಸಿಗುತ್ತದೆ. ಮೇಲಿನಿಂದ, ಶೀಟಿನ ಸಂದಿನಿಂದ ಬರುವುದು ಮನೆ ಇಲಿ. ಮೈ ತೆಳ್ಳಗೆ, ಬಾಲ ಮೈಗಿಂತ ಉದ್ದ, ಗೋಡೆ ಮರ ಏನನ್ನೂ ಹತ್ತುತ್ತದೆ. ಉದ್ದ ಮೂತಿಯ, ಕೆಟ್ಟ ವಾಸನೆಯ, ಚಿಕ್ ಚಿಕ್ ಎಂದು ಗೋಡೆ ಹಿಡಿದು ಓಡುವುದು ಮೂಗಿಲಿ. ಅದು ಇಲಿ ಜಾತಿಯೇ ಅಲ್ಲ, ಹುಳು, ಜಿರಳೆ ತಿಂದುಕೊಂಡಿರುತ್ತದೆ. ಅದನ್ನು ಸುಮ್ನೆ ಕೊಲ್ಲಬೇಡಿ.

ರಾತ್ರಿ ಮಲಗುವ ಮುಂಚೆ ಗೂಡಿನ ಬಾಗಿಲು, ಗೋಡೆ ಬುಡ, ಶೀಟಿನ ಕೆಳಗಿನ ಗೋಡೆ ತಲೆಯ ಮೇಲೆ ಒಲೆ ಬೂದಿಯನ್ನು ತೆಳ್ಳಗೆ ಚೆಲ್ಲಿ. ಬೆಳಿಗ್ಗೆ ನೋಡಿದರೆ ಹೆಜ್ಜೆ, ಮಧ್ಯೆ ಬಾಲ ಎಳೆದ ಗೆರೆ ಎಲ್ಲ ಕಾಣುತ್ತದೆ. ಬಿಲದ ಬಾಯಿಗೆಲ್ಲ ಒಣಹುಲ್ಲು ತುರುಕಿ. ಬೆಳಿಗ್ಗೆ ಹುಲ್ಲು ಹೊರಗೆ ಬಿದ್ದಿದ್ದರೆ ಆ ಬಿಲದಲ್ಲಿ ಓಡಾಟ ಇದೆ.

ಬೋಗಾದಿ ಹಿತ್ತಿಲು

ಅಣ್ಣ, ತುಂಬಾ ಧನ್ಯವಾದ. ಬೂದಿ ಹಾಕಿ ನೋಡಿದೆವು. ಗೋಡೆ ಬುಡದಲ್ಲಿ ಅಗಲವಾದ ಹೆಜ್ಜೆ, ಅದು ಜಾಲರಿಯ ಕೆಳಗೆ ಮಣ್ಣು ತೋಡಿ ನುಗ್ಗಿದೆ. ಗೋಡೆ ತಲೆಯ ಮೇಲೆ ಬೇರೆ ಸಣ್ಣ ಹೆಜ್ಜೆಗಳು. ಶೀಟಿನ ಅಲೆಗೂ ಗೋಡೆಗೂ ನಡುವೆ ಎರಡು ಬೆರಳು ಸಂದು ಇದೆ, ಅಲ್ಲಿ ಗಾರೆ ಮೇಲೆ ಎಣ್ಣೆ ಸವರಿದ ಹಾಗೆ ಕಪ್ಪಗೆ ಜಿಡ್ಡು ಹಿಡಿದಿದೆ. ಪಕ್ಕದ ಸೀಬೆ ಮರದ ಕೊಂಬೆ ಶೀಟಿನ ಮೇಲೇ ಮಲಗಿದೆ.

ಹಾಗಾದರೆ ಎರಡೂ ಇವೆ ಅಲ್ವಾ?

ಪಾಂಡವಪುರ ಕಬ್ಬಿನಗದ್ದೆ

ಎರಡೂ ಇವೆ. ಆ ಕಪ್ಪು ಜಿಡ್ಡು ಇಲಿ ಮೈ ಉಜ್ಜಿ ಉಜ್ಜಿ ಆದದ್ದು. ದಿನಾ ಅದೇ ದಾರಿಯಲ್ಲಿ ಓಡಾಡುತ್ತವೆ. ಬೋನು ಇಡುವಾಗ ಆ ದಾರಿ ಉಪಯೋಗಕ್ಕೆ ಬರುತ್ತದೆ, ಈಗಲೇ ಒರೆಸಬೇಡಿ. ಸೀಬೆ ಕೊಂಬೆ ಮಾತ್ರ ಇವತ್ತೇ ಕಡಿಯಿರಿ. ಗೂಡಿಗೂ ಕೊಂಬೆಗೂ ನಡುವೆ ಮೂರು ನಾಲ್ಕು ಅಡಿ ಅಂತರ ಬೇಕು.

ಮದ್ದೂರು ಗದ್ದೆಬಯಲು

ಇಷ್ಟೆಲ್ಲ ರಗಳೆ ಯಾಕೆ ಎಂದು ನನಗೆ ಅನಿಸುತ್ತದೆ. ನಾವು ಗದ್ದೆಗೆ ಜಿಂಕ್ ಫಾಸ್ಫೈಡ್ ಇಡುತ್ತೇವೆ. ಮೊದಲು ಒಂದೆರಡು ದಿನ ಬರೀ ಎಣ್ಣೆ ಸವರಿದ ನುಚ್ಚು ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ 96 ಪಾಲು ಕಾಳು, 2 ಪಾಲು ಎಣ್ಣೆ, 2 ಪಾಲು ಮದ್ದು ಕಲಸಿ ಬಿಲದ ಒಳಗೆ ಇಡುವುದು. ಬೆಳಿಗ್ಗೆ ಹೊತ್ತಿಗೆ ಸತ್ತಿರುತ್ತವೆ. ಗದ್ದೆಯವರೆಲ್ಲ ಒಟ್ಟಿಗೆ ಇಟ್ಟರೆ ಒಳ್ಳೆ ಫಲ ಇದೆ. ಸರಿಯಾಗಿ ಇಟ್ಟರೆ ಏನೂ ಆಗುವುದಿಲ್ಲ.

ಪಶು ಆಸ್ಪತ್ರೆ ಸಹಾಯಕ

ಮದ್ದೂರಿನ ಅಣ್ಣ ಹೇಳಿದ್ದು ಗದ್ದೆಗೆ ಸರಿ. ಬಿಲದೊಳಗೆ ಇಟ್ಟು ಮಣ್ಣು ಮುಚ್ಚುತ್ತೀರಿ, ಅಲ್ಲಿ ಕೋಳಿ ಇಲ್ಲ, ಮಗು ಇಲ್ಲ. ಕೋಳಿ ಗೂಡಿನ ವಿಷಯ ಬೇರೆ. ನಾನು ಮಂಡ್ಯ ಜಿಲ್ಲೆಯ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಪಾಷಾಣ ತಿಂದ ಕೋಳಿ, ನಾಯಿ, ಕರುಗಳನ್ನು ಹಿಡಿದುಕೊಂಡು ಬರುವವರನ್ನು ನೋಡಿದರೆ ಕರುಳು ಕಿವುಚುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜಿಂಕ್ ಫಾಸ್ಫೈಡ್ ಕಪ್ಪು ಪುಡಿ. ಹೊಟ್ಟೆಗೆ ಹೋದ ಮೇಲೆ ಅಲ್ಲಿನ ಆಮ್ಲ ಸೇರಿ ಫಾಸ್ಫೀನ್ ಅನಿಲ ಏಳುತ್ತದೆ. ಆ ಅನಿಲವೇ ಕೊಲ್ಲುವುದು. ಇದಕ್ಕೆ ಪ್ರತಿವಿಷ ಇಲ್ಲ. ಕಾಳಿನಲ್ಲಿ ಕಲಸಿ ಇಡುವುದು, ಕೋಳಿಯೋ ಕಾಳು ತಿನ್ನುವ ಹಕ್ಕಿ. ಇಲಿ ಕಾಳನ್ನು ಇಟ್ಟಲ್ಲೇ ತಿನ್ನುವುದೂ ಇಲ್ಲ. ಕಚ್ಚಿಕೊಂಡು ಬಂದು ದಾರಿಯಲ್ಲಿ ಬೀಳಿಸುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ ಕೋಳಿ ಅಲ್ಲೇ ಕೆದಕುವುದು. ಹಿತ್ತಿಲಿಗೆ ಇದು ಬೇಡವೇ ಬೇಡ.

ಅಂಗಡಿಯಲ್ಲಿ ಸಿಗುವ ಹಳದಿ ರಂಜಕದ ಪೇಸ್ಟ್ ಇನ್ನೂ ಕೆಟ್ಟದ್ದು. ಬಿಸ್ಕತ್ತು, ಬ್ರೆಡ್ಡಿಗೆ ಸವರಿ ಇಡುತ್ತಾರೆ. ಮಕ್ಕಳು ಬಾಯಿಗಿಟ್ಟರೆ ಯಕೃತ್ತು ಕೆಟ್ಟುಹೋಗುತ್ತದೆ, ಅದಕ್ಕೂ ಪ್ರತಿವಿಷ ಇಲ್ಲ. ಅಕ್ಕ, ನಿಮ್ಮ ಪೊಟ್ಟಣ ಅದೇ ಆಗಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಕಾಳಿನ ಚೀಲಕ್ಕೆ, ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯೂ ಅನಿಲ ಬಿಡುವಂಥದ್ದೇ. ಮನೆ ಗೋಡೆಗೆ ಹೊಂದಿದ ಬಿಲಕ್ಕೆ ಹಾಕಿದರೆ ಅನಿಲ ಮನೆಯೊಳಗೆ ಬರಬಹುದು. ತರಬೇತಿ ಇಲ್ಲದವರು ಅದನ್ನು ಮುಟ್ಟಬಾರದು.

ಬ್ರೊಮಾಡಿಯೋಲೋನ್ ಎಂಬ ಕೇಕು ಇದೆ. ಶೇ 0.005ರದ್ದು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಆ ಕೆಲವು ದಿನ ತೂರಾಡಿಕೊಂಡು ಹಗಲಲ್ಲೇ ಹೊರಗೆ ಬರುತ್ತದೆ. ಕೋಳಿ, ಬೆಕ್ಕು, ಗೂಬೆ, ಕೇರೆ ಹಾವು ಅದನ್ನು ತಿಂದರೆ ವಿಷ ಅವಕ್ಕೂ ಸೇರುತ್ತದೆ. ಸಣ್ಣ ಇಲಿಯನ್ನು ಕೋಳಿ ಕುಕ್ಕಿ ಕುಕ್ಕಿ ತಿನ್ನುವುದನ್ನು ನೀವೂ ನೋಡಿರುತ್ತೀರಿ. ಇದಕ್ಕೆ ಪ್ರತಿವಿಷ ಇದೆ, ವಿಟಮಿನ್ ಕೆ1. ಆದರೆ ಅದನ್ನು ವೈದ್ಯರೇ ಕೊಡಬೇಕು, ಬಹಳ ದಿನ ಕೊಡಬೇಕು. ವಿಷ ತಿಂದ ಕೋಳಿ ಬದುಕಿದರೂ ಅದರ ಮೊಟ್ಟೆ, ಈಲಿ (ಲಿವರ್) ತಿನ್ನಬಾರದು. ವಿಷದ ಅಂಶ ಅಲ್ಲೂ ಉಳಿದಿರುತ್ತದೆ.

ಬೋನು, ಜಾಲರಿ ಎಲ್ಲ ಮಾಡಿಯೂ ಹತೋಟಿಗೆ ಬರದಿದ್ದರೆ ಮಾತ್ರ ಇದನ್ನು ಯೋಚಿಸಿ. ಆಗಲೂ ಬೀಗ ಹಾಕುವ ಇಲಿ ಪೆಟ್ಟಿಗೆಯೊಳಗೆ ಕೇಕನ್ನು ತಂತಿಯಿಂದ ಕಟ್ಟಿ, ಕೋಳಿ ಓಡಾಡದ ಕಡೆ, ಕಾಂಪೌಂಡಿನ ಹೊರಮಗ್ಗುಲಲ್ಲಿ ಇಡಬೇಕು. ದಿನಾ ಎರಡು ಹೊತ್ತು ಸತ್ತ ಇಲಿ ಹುಡುಕಿ ಹೂಳಬೇಕು. ಅಷ್ಟು ನಿಗಾ ಇಡಲು ಆಗದವರು ಇಡದಿರುವುದೇ ಮೇಲು.

ಪ್ರಾಣಿಗೆ ಏನಾದರೂ ಆದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಮಗು ಬಾಯಿಗಿಟ್ಟಿದೆ ಎಂಬ ಅನುಮಾನ ಬಂದರೂ ಕಾಯಬೇಡಿ. ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣದ ಸಮೇತ ಕೆ.ಆರ್. ಆಸ್ಪತ್ರೆಗೋ, ಮಂಡ್ಯದವರಾದರೆ ಮಿಮ್ಸ್‌ಗೋ ಓಡಿ. ಯಾವ ವಿಷ ಎಂದು ಗೊತ್ತಾದರೆ ವೈದ್ಯರಿಗೆ ಅರ್ಧ ಕೆಲಸ ಸುಲಭ.

ಮದ್ದೂರು ಗದ್ದೆಬಯಲು

ಒಪ್ಪಿದೆ ಸರ್. ಮಗು ಇರುವ ಮನೆ ಎಂಬುದನ್ನು ನಾನು ಗಮನಕ್ಕೆ ತಂದುಕೊಳ್ಳಬೇಕಿತ್ತು. ಗದ್ದೆಯ ಮಾತು ಗದ್ದೆಗೇ ಇರಲಿ.

ಹೂಟಗಳ್ಳಿ ವೆಲ್ಡಿಂಗ್

ಜಾಲರಿ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು. ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗೆ ಇಡಲು ಸರಿ, ಇಲಿಯನ್ನು ಹೊರಗೆ ಇಡಲು ಆಗುವುದಿಲ್ಲ. ಕಣ್ಣು ದೊಡ್ಡದು, ತಂತಿ ತೆಳ್ಳಗೆ. ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ತುಕ್ಕು ಹಿಡಿದ ಕಡೆ ಇಲಿ ಕಡಿದೇ ದಾರಿ ಮಾಡಿಕೊಳ್ಳುತ್ತದೆ. ಅದರ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ಬದುಕಿಲ್ಲ.

ನೀವು ಕೇಳಬೇಕಾದ್ದು ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿ ಬೆಸೆದ ಗಟ್ಟಿ ತಂತಿ ಜಾಲರಿ. ಚಿಕ್ಕ ಇಲಿಯೂ ಬರಬಾರದು ಎಂದರೆ ಕಾಲು ಇಂಚಿನದು ಬೇಕು. ಪೆನ್ಸಿಲ್ ತೂರುವ ಸಂದಿನಲ್ಲಿ ಚಿಕ್ಕ ಇಲಿ ತೂರುತ್ತದೆ, ಹೆಬ್ಬೆರಳು ತೂರುವ ತೂತಿನಲ್ಲಿ ದೊಡ್ಡ ಇಲಿ ಬರುತ್ತದೆ. ತಲೆ ಹಿಡಿಸಿದರೆ ಮೈ ಹಿಡಿಸಿತು ಎಂದೇ ಲೆಕ್ಕ.

ಹೆಗ್ಗಣಕ್ಕೆ ನೆಲದ ಕೆಲಸ ಮಾಡಲೇಬೇಕು. ಗೂಡಿನ ಸುತ್ತ ಒಂದಡಿ ಆಳದ ಕಾಲುವೆ ತೆಗೆಯಿರಿ. ಮೆಶ್ಶನ್ನು ಗೋಡೆ ಬುಡದಿಂದ ನೇರ ಕೆಳಗೆ ಇಳಿಸಿ, ತಳದಲ್ಲಿ ಹೊರಗಡೆಗೆ ಇನ್ನೊಂದಡಿ ಮಡಚಿ, ಮಣ್ಣು ಮುಚ್ಚಿ. ಹೆಗ್ಗಣ ಗೋಡೆ ಪಕ್ಕ ತೋಡಿಕೊಂಡು ಇಳಿಯುತ್ತದೆ, ಮೆಶ್ ಸಿಗುತ್ತದೆ, ಹಿಂದೆ ಸರಿದು ಬೇರೆ ಕಡೆಯಿಂದ ತೋಡುವ ಬುದ್ಧಿ ಅದಕ್ಕೆ ಓಡುವುದಿಲ್ಲ. ಗೂಡಿನ ಒಳಗೆ ನೆಲ ಗಟ್ಟಿ ಮಾಡುವುದಾದರೆ ಜಲ್ಲಿ ಹಾಕಿ ಎರಡು ಮೂರು ಇಂಚು ಕಾಂಕ್ರೀಟ್, ಮೇಲೆ ಹೊಟ್ಟು ಹರಡಿ. ಕೋಳಿಗೂ ಒಳ್ಳೆಯದು, ತೊಳೆಯಲೂ ಸುಲಭ.

ಬಿಲವನ್ನು ಬರೀ ಮಣ್ಣಿಂದ ಮುಚ್ಚಿದರೆ ರಾತ್ರಿಯೇ ತೆಗೆಯುತ್ತವೆ. ಜಲ್ಲಿ, ಗಾಜಿನ ಚೂರು ಸೇರಿಸಿದ ಸಿಮೆಂಟು ತುಂಬಬೇಕು. ಗಾಜು ಆಳದಲ್ಲಿರಲಿ, ಮೇಲೆ ಕೋಳಿ ಕಾಲಿಗೆ ಸಿಗಬಾರದು. ಶೀಟಿನ ಅಲೆಗಳ ಸಂದಿಗೆ ಮೆಶ್ ತುಂಡನ್ನು ಸುರುಳಿ ಸುತ್ತಿ ತುರುಕಿ ಮೇಲೆ ಗಾರೆ ಬಳಿಯಿರಿ. ಗಾಳಿ ಆಡುವ ಕಿಂಡಿಯನ್ನು ಮಾತ್ರ ಪೂರ್ತಿ ಮುಚ್ಚಬೇಡಿ, ಮೆಶ್ ಹೊಡೆದು ಬಿಡಿ. ಉಸಿರು ಕಟ್ಟಿದ ಗೂಡಲ್ಲಿ ಕೋಳಿಗೆ ನೆಗಡಿ ಹಿಡಿಯುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ಒಂದು ಪಟ್ಟಿ ತಗಡು ಹೊಡೆಯಿರಿ. ಎಲ್ಲ ಮಾಡಿ ಇದೊಂದನ್ನು ಮರೆಯುವವರೇ ಜಾಸ್ತಿ.

ಪಾಂಡವಪುರ ಕಬ್ಬಿನಗದ್ದೆ

ಒಂದೇ ಎಚ್ಚರ. ತೂತು ಮುಚ್ಚುವ ಮುಂಚೆ ಗೂಡಿನೊಳಗೆ ಇಲಿ ಉಳಿದಿಲ್ಲ ಎಂದು ನೋಡಿಕೊಳ್ಳಿ. ಒಳಗೇ ಸಿಕ್ಕಿಬಿದ್ದರೆ ಹಸಿದ ಇಲಿ ರಾತ್ರಿಯೆಲ್ಲ ಕೋಳಿ ಕಾಲು ಕಚ್ಚುತ್ತದೆ. ಹಗಲು ಕೋಳಿ ಹೊರಗೆ ಬಿಟ್ಟು, ಮೊಟ್ಟೆ ಬುಟ್ಟಿ, ಹಳೇ ಹುಲ್ಲು, ಹಲಗೆ ಎಲ್ಲ ಆಚೆ ಹಾಕಿ ಮುಚ್ಚಿ.

ನಂಜನಗೂಡು ತೋಟ

ಅಂಟು ಹಲಗೆ ಇಡಬಹುದಾ? ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ.

ಪಶು ಆಸ್ಪತ್ರೆ ಸಹಾಯಕ

ಬೇಡ. ಇಲಿ ಅದರ ಮೇಲೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಪಿಳ್ಳೆ, ಹಲ್ಲಿ, ಓತಿ, ಗುಬ್ಬಿ ಕೂಡ ಅಂಟಿಕೊಳ್ಳುತ್ತವೆ. ಪಿಳ್ಳೆ ಅಂಟಿದರೆ ಎಳೆದು ಕೀಳಬೇಡಿ, ಚರ್ಮ ಕಿತ್ತು ಬರುತ್ತದೆ. ಅಡುಗೆ ಎಣ್ಣೆ ಸವರಿ ನಿಧಾನವಾಗಿ ಬಿಡಿಸಿ.

ಮಳವಳ್ಳಿ ನಾಟಿಕೋಳಿ

ಕಿವಿಗೆ ಕೇಳಿಸದ ಶಬ್ದ ಮಾಡಿ ಇಲಿ ಓಡಿಸುವ ಕರೆಂಟ್ ಯಂತ್ರ ಹೇಗೆ?

ಹೂಟಗಳ್ಳಿ ವೆಲ್ಡಿಂಗ್

ಕೆಲವು ದಿನ ಬೆಚ್ಚುತ್ತವೆ, ಆಮೇಲೆ ಒಗ್ಗಿಹೋಗುತ್ತವೆ. ಆ ದುಡ್ಡಿಗೆ ಮೆಶ್ ತನ್ನಿ.

ಶ್ರೀರಂಗಪಟ್ಟಣ ನಾಲೆಬದಿ

ಬೋನಿನ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ. ನಮ್ಮ ಮನೆ ನಾಲೆ ಪಕ್ಕ, ವರ್ಷವಿಡೀ ಇಲಿ ಇದ್ದೇ ಇರುತ್ತವೆ. ಹಾಗಾಗಿ ನಮಗೆ ಇದು ದಿನದ ಕೆಲಸ.

ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಇವತ್ತು ಬೋನು ತಂದು ಇವತ್ತೇ ಇಲಿ ಬೀಳಲಿ ಎಂದರೆ ಬೀಳುವುದಿಲ್ಲ. ಮೊದಲು ಕೆಲವು ದಿನ ಬಾಗಿಲು ತೆರೆದು ಕಟ್ಟಿ, ಒಳಗೆ ತಿನ್ನಲು ಇಟ್ಟು ಸುಮ್ನೆ ಬಿಡಿ. ಹೆದರದೆ ತಿಂದು ಹೋಗಲು ಶುರು ಮಾಡಿದ ಮೇಲೆ ಕೊಕ್ಕೆ ಹಾಕಿ. ಮತ್ತೆ, ಒಂದೊಂದೇ ಬೋನು ಇಟ್ಟರೆ ಒಂದು ಬೀಳುವುದನ್ನು ಕಂಡು ಉಳಿದವು ಹುಷಾರಾಗುತ್ತವೆ. ನಾಲ್ಕೈದು ಬೋನು, ಇಲಿ ಕತ್ತರಿ (ಸ್ಪ್ರಿಂಗ್ ಬಡಿದು ಹಿಡಿಯುವಂಥದ್ದು) ಒಂದೇ ರಾತ್ರಿ ಹೂಡಿ. ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ. ಜಿಡ್ಡಿನ ಗೆರೆ ಇರುವ ಕಡೆ ಗೋಡೆಗೆ ಅಂಟಿಸಿ ಇಡಿ. ಕತ್ತರಿಯಾದರೆ ತಿಂಡಿ ಸಿಕ್ಕಿಸುವ ತುದಿ ಗೋಡೆ ಕಡೆಗಿರಲಿ.

ತಿಂಡಿಗೆ ಕಾಳು ಬೇಡ, ಗೂಡಿನ ಸುತ್ತ ಕಾಳು ಅದಕ್ಕೆ ಹೊಸದಲ್ಲ. ಸುಟ್ಟ ಕೊಬ್ಬರಿ, ಒಣಮೀನಿನ ತಲೆ, ಈರುಳ್ಳಿ ಬೋಂಡ, ಬೆಲ್ಲ ಹಚ್ಚಿದ ಕಡಲೆಕಾಯಿ ಬೀಜ, ಇವೆಲ್ಲ ನಡೆಯುತ್ತವೆ. ಒಂದೊಂದು ಬೋನಿಗೆ ಒಂದೊಂದು ಇಟ್ಟು ಯಾವುದಕ್ಕೆ ಬರುತ್ತದೆ ನೋಡಿ. ಕತ್ತರಿಯನ್ನು ಬಿಡಿಯಾಗಿ ಇಡಬೇಡಿ, ಕೋಳಿ ಕಾಲು ಮುರಿಯುತ್ತದೆ. ಎರಡೂ ಕಡೆ ಬಾಯಿ ಇರುವ ಉದ್ದ ಹಲಗೆ ಪೆಟ್ಟಿಗೆಯೊಳಗೆ ಇಟ್ಟು ಮೇಲೆ ಕಲ್ಲು ಹೇರಿ. ಬೆಳಿಗ್ಗೆ ಕೋಳಿ ಬಿಡುವ ಮುಂಚೆ ಎಲ್ಲ ಎತ್ತಿಡಿ. ಬಿದ್ದ ಇಲಿಯನ್ನು ಬಿಸಿಲಲ್ಲಿ ಬಿಡುವುದು, ಬೋನು ಸಮೇತ ನೀರಿಗೆ ಮುಳುಗಿಸುವುದು ಮಾಡಬೇಡಿ. ನಮಗೆ ಕೊಲ್ಲಬೇಕಾಗಿ ಬಂದಿದೆ, ಹಿಂಸೆ ಕೊಡಬೇಕಾಗಿಲ್ಲ. ನಾಲೆ ಏರಿ ಮೇಲೆ ಬಿಟ್ಟು ಬರುವವರೂ ಇದ್ದಾರೆ. ಅದು ಇನ್ನೊಬ್ಬರ ಮನೆಗೆ ಕಳಿಸಿದ ಹಾಗೆ.

ನಜರ್‌ಬಾದ್ ನಿವೃತ್ತ ಮೇಷ್ಟ್ರು

ಮಕ್ಕಳೇ, ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಯಾರೂ ಬರೆಯಲಿಲ್ಲ. ಅದನ್ನು ಹೇಳಲು ಬಂದೆ.

ಇಲಿ ಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿಯ ಉಚ್ಚೆಯಿಂದ ನೀರಿಗೆ, ಕೆಸರಿಗೆ ಸೇರಿ, ಕಾಲಲ್ಲಿ ಸಣ್ಣ ಗಾಯ ಇದ್ದರೂ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಆಮೇಲೆ ಕಾಮಾಲೆ, ಮೂತ್ರಪಿಂಡಕ್ಕೆ ತೊಂದರೆ. ಬೇಗ ತೋರಿಸಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಡಾಕ್ಟರಿಗೆ ನಮ್ಮ ಹಿತ್ತಿಲಲ್ಲಿ ಇಲಿ ಇವೆ ಎಂದು ಬಾಯಿಬಿಟ್ಟು ಹೇಳಿ. ಗೂಡು ಗುಡಿಸುವಾಗ ಬೂಟು, ಕೈಗವಸು ಹಾಕಿ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ, ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ ನೆನೆದ ಮೇಲೆ ತೆಗೆಯಿರಿ. ಸತ್ತ ಇಲಿಯನ್ನು ಎರಡಡಿ ಆಳದಲ್ಲಿ ಹೂಳಿ. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಿ, ಇಲಿ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಎಂಬ ಭೇದಿ ತರುವ ರೋಗಾಣು ಕೂಡ ಬರುತ್ತದೆ.

ನಮ್ಮ ಮೈಸೂರಿಗೆ ಇಲಿಯ ವಿಷಯ ಹೊಸದಲ್ಲ. 1898ರಲ್ಲಿ ಪ್ಲೇಗು ಬಂದಾಗ ಸೂರಿನಿಂದ ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಊರಾಚೆ ಗುಡಿಸಲು ಹಾಕಿಕೊಂಡರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆಮೇಲೆ 1903ರಲ್ಲಿ ನಗರ ಸುಧಾರಣಾ ಮಂಡಳಿ ಆಯಿತು. ಗಾಳಿ ಬೆಳಕಿನ ಬಡಾವಣೆ, ಅಗಲ ರಸ್ತೆ, ಕಾಲುವೆ ಎಲ್ಲ ಬಂತು. ಮನೆ ಸುತ್ತ ಚೊಕ್ಕಟ ಇರಬೇಕು ಎಂಬುದನ್ನು ಈ ಊರು ಬಹಳ ನೋವು ತಿಂದು ಕಲಿತಿದೆ. ಆ ಖಾಲಿ ಸೈಟಿನವರನ್ನು ಕೂರಿಸಿ ಮಾತಾಡಿ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಪಾಲಿಕೆಗೆ ಅರ್ಜಿ ಕೊಡಿ. ಒಬ್ಬರ ಹಿತ್ತಿಲು ಮಾತ್ರ ಚೊಕ್ಕಟವಾದರೆ ಸಾಲದು.

ಬೋಗಾದಿ ಹಿತ್ತಿಲು

ಮೇಷ್ಟ್ರೇ, ಖಂಡಿತ ಮಾಡುತ್ತೇವೆ. ಪಾಷಾಣವನ್ನು ಬಿಚ್ಚದೆ ಅಂಗಡಿಗೆ ವಾಪಸ್ ಕೊಟ್ಟೆವು. ಸೈಟಿನ ಮಾಲೀಕರು ಫೋನಿನಲ್ಲಿ ಒಪ್ಪಿದ್ದಾರೆ, ಜೆಸಿಬಿ ಕಳಿಸುತ್ತೇನೆ ಎಂದರು.

ಒಂದು ಭಯ ಇದೆ. ನಿನ್ನೆ ಸಂಜೆ ಸೌದೆ ಗುಡ್ಡೆ ಹತ್ತಿರ ಆರಡಿ ಉದ್ದದ ಹಾವು ಹೋಯಿತು. ಹಳದಿ ಮಿಶ್ರಿತ ಕಂದು ಬಣ್ಣ, ತುಂಬಾ ಬಿರುಸು. ಇಲಿಗೆ ಬಂದಿದೆಯಾ? ಹೊಡೆಯಿರಿ ಎನ್ನುತ್ತಿದ್ದಾರೆ ಅಕ್ಕಪಕ್ಕದವರು.

ಪಾಂಡವಪುರ ಕಬ್ಬಿನಗದ್ದೆ

ಅಕ್ಕ, ದಯವಿಟ್ಟು ಹೊಡೆಯಲು ಬಿಡಬೇಡಿ. ನೀವು ಹೇಳುವುದನ್ನು ನೋಡಿದರೆ ಕೇರೆ ಹಾವು. ವಿಷ ಇಲ್ಲ. ಅದು ಇಲಿ ಬಿಲದೊಳಗೇ ನುಗ್ಗಿ ಮರಿ ಸಮೇತ ತಿನ್ನುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಕೊಂದರೆ ಕೇಸು. ಆದರೆ ಕಣ್ಣಳತೆಯಲ್ಲಿ ಕೇರೆ ಎಂದುಕೊಂಡು ಹತ್ತಿರ ಹೋಗಬೇಡಿ. ಇಲಿ ಇದ್ದಲ್ಲಿಗೆ ನಾಗರವೂ ಬರುತ್ತದೆ, ಕೊಳಕುಮಂಡಲವೂ ಬರುತ್ತದೆ. ಕಬ್ಬಿನ ಗದ್ದೆಯಲ್ಲಿ ನಮಗೆ ಕೊಳಕುಮಂಡಲದ್ದೇ ದೊಡ್ಡ ಭಯ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಗೂಡಿಗೆ ಹೋಗಬೇಡಿ. ಮೊಟ್ಟೆ ಬುಟ್ಟಿಗೆ ನೋಡದೆ ಕೈ ಹಾಕಬೇಡಿ. ಸೌದೆಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲಿನ ಮೇಲೆ ಜೋಡಿಸಿ, ಗೂಡಿನಿಂದ ದೂರಕ್ಕೆ ಹಾಕಿ. ಹಾವು ಗೂಡೊಳಗೆ ಬಂದರೆ ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಅರ್ಧ ಇಂಚಿನ ಮೆಶ್ ಹಾಕಿದ ಮೇಲೆ ಅಷ್ಟು ದೊಡ್ಡ ಹಾವೂ ಒಳಗೆ ಬರಲಾಗದು.

ಗೂಬೆಯನ್ನೂ ಓಡಿಸಬೇಡಿ. ಅಪಶಕುನ ಎಂದು ಕಲ್ಲು ಹೊಡೆಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ಗದ್ದೆಯಲ್ಲಿ ಅಡ್ಡಪಟ್ಟಿ ಕಟ್ಟಿದ ಕೋಲು ನಿಲ್ಲಿಸುತ್ತೇವೆ. ರಾತ್ರಿ ಗೂಬೆ ಅದರ ಮೇಲೆ ಕೂತು ಇಲಿ ಹಿಡಿಯುತ್ತದೆ. ಬೆಳಿಗ್ಗೆ ಕೋಲಿನ ಬುಡದಲ್ಲಿ ಅದು ಕಕ್ಕಿದ ಉಂಡೆ ಬಿದ್ದಿರುತ್ತದೆ. ಒಡೆದು ನೋಡಿ, ಒಳಗೆ ಇಲಿಯ ಕೂದಲು, ದವಡೆ ಮೂಳೆ, ಪುಟ್ಟ ಹಳದಿ ಹಲ್ಲು ಇರುತ್ತವೆ.

ಮದ್ದೂರು ಗದ್ದೆಬಯಲು

ತೆಂಗಿನ ಮರ ಇರುವವರಿಗೆ ನನ್ನದೊಂದು ಮಾತು. ಮನೆ ಇಲಿ ಹಗಲು ತೆಂಗಿನ ಸುಳಿಯಲ್ಲಿ ಇದ್ದು ರಾತ್ರಿ ಇಳಿಯುತ್ತದೆ. ಎಳೆಕಾಯಿ ತೂತಾಗಿ ಉದುರುತ್ತಿದ್ದರೆ ಅಲ್ಲಿದೆ ಎಂದು ತಿಳಿಯಿರಿ. ಆಳೆತ್ತರದಲ್ಲಿ ಮರದ ಸುತ್ತ ಒಂದೂಕಾಲು ಅಡಿ ಅಗಲದ ನುಣುಪು ತಗಡು ಬಿಗಿಯಾಗಿ ಸುತ್ತಿದರೆ ಹತ್ತಲಾಗದು. ಗರಿಗೆ ಗರಿ ತಾಗುವ ಮರಗಳಾದರೆ ಎಲ್ಲಕ್ಕೂ ಸುತ್ತಬೇಕು, ಇಲ್ಲದಿದ್ದರೆ ಒಂದರಿಂದ ಒಂದಕ್ಕೆ ದಾಟುತ್ತವೆ.

ಬೋಗಾದಿ ಹಿತ್ತಿಲು

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ. ಮೆಶ್ ಕೆಲಸ ಮುಗಿಯಿತು. ಸಂಜೆ ತೊಟ್ಟಿ ಎತ್ತುವುದನ್ನು ಅತ್ತೆಯವರು ಬಿಡದೆ ನೋಡಿಕೊಳ್ಳುತ್ತಿದ್ದಾರೆ. ಶ್ರೀರಂಗಪಟ್ಟಣದವರು ಹೇಳಿದಂತೆ ಬೋನು ಹೂಡಿದ್ದರಲ್ಲಿ ಮನೆ ಇಲಿಗಳು ಬಿದ್ದವು, ಒಣಮೀನಿಗೇ ಜಾಸ್ತಿ. ಹೆಗ್ಗಣ ಬೀಳಲಿಲ್ಲ. ಆದರೆ ಸೈಟು ಚೊಕ್ಕಟವಾದ ಮೇಲೆ ಅದರ ಬಿಲದ ಬಾಯಿಗೆ ತುರುಕಿದ ಹುಲ್ಲು ಹಾಗೇ ಇದೆ. ಕಾಲು ಗಾಯ ಆಗಿದ್ದ ಹ್ಯಾಟೆ ಮತ್ತೆ ಮೊಟ್ಟೆ ಇಡುತ್ತಿದೆ. ಬೂದಿ ಹಾಕುವುದನ್ನು ವಾರಕ್ಕೊಮ್ಮೆ ಮುಂದುವರಿಸಿದ್ದೇವೆ.

ಕೆ.ಆರ್. ಪೇಟೆ ಹೊಸಬ

ಎಲ್ಲ ಓದಿದೆ. ನನ್ನದು ಮರದ ಗೂಡು, ಕಾಲಿನ ಮೇಲೆ ನಿಲ್ಲಿಸಿದ್ದು, ನೆಲದಿಂದ ಒಂದಡಿ ಎತ್ತರ. ಪಕ್ಕದ ಗದ್ದೆಯಲ್ಲಿ ಮುಂದಿನ ತಿಂಗಳು ಕಬ್ಬು ಕಡಿಯುತ್ತಾರೆ. ಗದ್ದೆಯ ಇಲಿಯೆಲ್ಲ ನಮ್ಮ ಕಡೆಗೇ ಬರುತ್ತವಾ?

ಪಾಂಡವಪುರ ಕಬ್ಬಿನಗದ್ದೆ

ಬರುತ್ತವೆ ತಮ್ಮ. ಕಬ್ಬು ಕಡಿದಾಗ, ಭತ್ತ ಕುಯ್ದಾಗ, ನಾಲೆ ನೀರು ಬಿಟ್ಟು ಬಿಲ ಮುಳುಗಿದಾಗ, ಈ ಮೂರು ಹೊತ್ತಲ್ಲೂ ಊರೊಳಗೆ ಇಲಿ ಏರುತ್ತವೆ. ಕಡಿತಕ್ಕೆ ಮುಂಚೆಯೇ ಕೆಲಸ ಮುಗಿಸಿಕೊಳ್ಳಿ.

ಒಂದಡಿ ಎತ್ತರ ಸಾಲದು. ಅದರ ಕೆಳಗಿನ ನೆರಳಲ್ಲೇ ಬಿಲ ಮಾಡುತ್ತವೆ, ನಿಮಗೆ ಬಗ್ಗಿ ನೋಡಲೂ ಆಗುವುದಿಲ್ಲ. ಎರಡೂವರೆ ಅಡಿಗೆ ಏರಿಸಿ, ಅಡಿಯಲ್ಲಿ ಏನನ್ನೂ ತುಂಬಬೇಡಿ. ನಾಲ್ಕೂ ಕಾಲಿಗೆ ಬೋರಲು ಹಾಕಿದ ತಗಡಿನ ಆಲಿಕೆ ತೊಡಿಸಿ, ನೆಲದಿಂದ ಎರಡಡಿ ಮೇಲಿರಲಿ. ಗೂಡಿನ ತಳದ ಹಲಗೆಗೂ ಅರ್ಧ ಇಂಚಿನ ಮೆಶ್ ಹೊಡೆಯಿರಿ, ಮರವನ್ನು ಅವು ಕಡಿಯುತ್ತವೆ. ಕೋಳಿ ಹತ್ತಲು ಇಟ್ಟ ಏಣಿಯನ್ನು ಕತ್ತಲಾದ ಮೇಲೆ ತೆಗೆದಿಡಿ. ಹುಲ್ಲಿನ ಮೆದೆ ಗೂಡಿಗೆ ಹತ್ತಿರ ಇದ್ದರೆ ಅದನ್ನೂ ದೂರಕ್ಕೆ ಸರಿಸಿ. ಕಡಿತ ಶುರುವಾದ ದಿನದಿಂದ ಗದ್ದೆ ಕಡೆಯ ಬೇಲಿ ಉದ್ದಕ್ಕೂ ಬೋನು ಇಡಿ, ಇಲಿ ಗೂಡಿನ ಹತ್ತಿರ ಬರುವವರೆಗೆ ಕಾಯಬೇಡಿ.